ರಿಮ್ಯಾಂಡ್ ಆದದ್ದು ಯಾರು?

ಆ ಸೋಮವಾರ ಬೆಳಿಗ್ಗೆ ಮಲಯ ನಾಡಿನ ಮಾಂಟ್ ಕಿಯಾರಾದ ನಮ್ಮ ಆಫೀಸಿಗೆ ನಾನು ಕಾಲಿಡುವಷ್ಟರಲ್ಲಿ ಮ್ಯಾನೇಜರು ಆ ವಿಡಿಯೊವನ್ನು ನಾಲ್ಕಾರು ಸಲ ನೋಡಿ ಮುಗಿಸಿದ್ದರು. ಮೈಸೂರಿನವರು, ಸುಲಭಕ್ಕೆ ಗಾಬರಿ ಬೀಳುವ ಮನುಷ್ಯರಲ್ಲ. ಅವತ್ತು ಮಾತ್ರ ಅವರು ತಪಾವ್ ಮಾಡಿಸಿಕೊಂಡು ತಂದಿದ್ದ ತಿಂಡಿಯ ಪೊಟ್ಟಣ ಬಿಚ್ಚದೆ ಮೇಜಿನ ಮೇಲೇ ತಣ್ಣಗಾಗುತ್ತಿತ್ತು.

"ಬನ್ನಿ ಮೇಡಂ, ಕೂತ್ಕೊಳ್ಳಿ. ನಮ್ಮ ಜಡ್ಜಮ್ಮನ ಮೇಲೆ ಆ ಕಡೆಯವ್ರು ಶುರು ಹಚ್ಕೊಂಡ್ರು," ಎಂದರು.

ವಿಡಿಯೊದಲ್ಲಿ ಒಡೆದ ಗಾಜಿನ ಒಂದು ಅಂಗಡಿ, ತಲೆಗೆ ಪಟ್ಟಿ ಸುತ್ತಿಕೊಂಡ ಗಲ್ಲಾದ ಹುಡುಗಿ, ಆಮೇಲೆ ಕಪ್ಪು ಗೌನು ತೊಟ್ಟ ನಮ್ಮ ಅಭ್ಯರ್ಥಿ ನ್ಯಾಯಮೂರ್ತಿಯ ಚಿತ್ರ. ಹಿಂದಿನಿಂದ ಒಂದು ಗಡಸು ದನಿ: ಈ ದರೋಡೆಕೋರ ತಪ್ಪೊಪ್ಪಿಕೊಂಡಿದ್ದ, ಈಕೆ ಅವನನ್ನು ಬಿಟ್ಟುಬಿಟ್ಟರು. ಅಷ್ಟೇ. ನೋಡಿದ ನನಗೇ ಒಂದು ಕ್ಷಣ ನಮ್ಮ ನ್ಯಾಯಮೂರ್ತಿಯ ಮೇಲೆ ಸಿಟ್ಟು ಬಂತು, ಅಂದಮೇಲೆ ಅಲ್ಲಿ ಅಮೆರಿಕದ ಮತದಾರರ ಮಾತೇನು!

ನಮ್ಮದು ದೂರದೇಶದ ಸಣ್ಣಪುಟ್ಟ ಚುನಾವಣೆಗಳಿಗೆ ಪ್ರಚಾರದ ಕಾರ್ಡು, ವಿಡಿಯೊ ಮಾಡಿಕೊಡುವ ಕಂಪನಿ. ಅಮೆರಿಕದಲ್ಲಿ ಸಂಜೆಯಾದಾಗ ನಮಗಿಲ್ಲಿ ಬೆಳಗು. ಅವರು ದಿನದ ಕೊನೆಗೆ ಹೇಳಿದ ಕೆಲಸವನ್ನು ಅವರು ಏಳುವುದರೊಳಗೆ ಮುಗಿಸಿಡುವುದು ನಮ್ಮ ಬಂಡವಾಳ. ಅಲ್ಲಿನ ಕೆಲವು ರಾಜ್ಯಗಳಲ್ಲಿ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶರೂ ಜನರ ಮುಂದೆ ಹೋಗಿ ಓಟು ಕೇಳಬೇಕು ಎಂದು ಮೊದಲ ಸಲ ಗೊತ್ತಾದಾಗ ನಾನು ಬಿದ್ದು ಬಿದ್ದು ನಕ್ಕಿದ್ದೆ. ಹುಬ್ಬಳ್ಳಿಯಲ್ಲಿ ಪತ್ರಿಕೆಗೆ ಕೋರ್ಟ್ ವರದಿ ಮಾಡುತ್ತಿದ್ದ ಕಾಲದಲ್ಲಿ ಜಡ್ಜ್ ಸಾಹೇಬರು ಬಂದರೆ ನಾವು ಗೋಡೆಗೆ ಆತು ನಿಲ್ಲುತ್ತಿದ್ದೆವು. ಅಂಥವರು ಕೈಮುಗಿದುಕೊಂಡು ಮನೆಮನೆ ತಿರುಗುವುದೆಂದರೆ!

ನಮ್ಮ ನ್ಯಾಯಮೂರ್ತಿ ಬಡ ಆರೋಪಿಗಳ ಪರ ವಾದಿಸುವ ಸರ್ಕಾರಿ ವಕೀಲೆಯಾಗಿ ಶುರುಮಾಡಿದವರು. ಕೆಳಗಿನ ಕೋರ್ಟಿನಲ್ಲಿ ವರ್ಷಗಟ್ಟಲೆ ಕೂತು, ಮೇಲ್ಮನವಿ ಕೋರ್ಟಿನಲ್ಲಿ ತೆರವಾದ ಜಾಗಕ್ಕೆ ಗವರ್ನರ್ ಕಡೆಯಿಂದ ನೇಮಕವಾಗಿ ಬಂದಿದ್ದರು. ಮೊದಲ ಚುನಾವಣೆಯಲ್ಲಿ ಎದುರಾಳಿಯೇ ಇರಲಿಲ್ಲ. ಎರಡನೆಯದರಲ್ಲಿ ಎಣಿಕೆಯ ಕೊನೆಯವರೆಗೂ ಉಸಿರು ಬಿಗಿಹಿಡಿದು ಗೆದ್ದರು. ಇದು ಮೂರನೆಯದು, ಎದುರಿಗಿದ್ದವನು ಹೆಸರುವಾಸಿ ಪ್ರಾಸಿಕ್ಯೂಟರ್. ಈ ಸಲ ಅವರ ಕೆಲಸ ನಮ್ಮ ಕೈಗೆ ಬಂದಾಗ ಪರಿಚಯದ ಕರಡಿನಲ್ಲಿ ನಮ್ಮ ಮ್ಯಾನೇಜರು, ಮೈಸೂರಿನಲ್ಲಿ ಎಲ್ಲರೂ ಹೇಳುವ ಹಾಗೆ, ನ್ಯಾಯಮೂರ್ತಿಗಳು ಒಳ್ಳೆಯ ಕಾನೂನು ಕಾಲೇಜಿನಿಂದ 'ಪಾಸ್ ಔಟ್' ಆದರು ಎಂದು ಬರೆದುಬಿಟ್ಟಿದ್ದರು. ಅಲ್ಲಿನ ಇಂಗ್ಲಿಷಿನಲ್ಲಿ ಹಾಗಂದರೆ ಎಚ್ಚರ ತಪ್ಪಿ ಬಿದ್ದರು ಎಂದರ್ಥ. ಅವರ ಪ್ರಚಾರದ ಉಸ್ತುವಾರಿ ಫೋನಿನಲ್ಲಿ, "ಈಗ ಹೇಗಿದ್ದಾರಂತೆ?" ಎಂದು ಕೇಳಿ ನಗಾಡಿದ್ದ. ಆಗಲೇ ನಾವು ಬುದ್ಧಿ ಕಲಿಯಬೇಕಿತ್ತು.

ಆ ಉಸ್ತುವಾರಿ ಸೋಮವಾರ ಕಾರು ಓಡಿಸುತ್ತಲೇ ನಮ್ಮ ಜೊತೆ ಮಾತಾಡಿದ. ಒಂದು ಕಾರ್ಡು ಬೇಕು, ಮತದಾರರ ಮನೆಗೆ ಅಂಚೆಯಲ್ಲಿ ಹೋಗುವಂಥದ್ದು. ಮುದ್ರಣಾಲಯದಲ್ಲಿ ಉಳಿದಿರುವುದು ಒಂದೇ ಸರದಿ. ನಾಳೆ ನಿಮ್ಮ ಮಧ್ಯಾಹ್ನದೊಳಗೆ ಫೈಲು ಅವರಿಗೆ ಮುಟ್ಟದಿದ್ದರೆ ಮತದಾನಕ್ಕೆ ಮುಂಚೆ ಕಾರ್ಡು ಮನೆ ಸೇರುವುದಿಲ್ಲ. ಇನ್ನೊಂದು ತೊಡಕು: ಆ ಪ್ರಕರಣ ಕೋರ್ಟಿನಲ್ಲಿ ಇನ್ನೂ ಮುಗಿದಿಲ್ಲವಾದ್ದರಿಂದ ನ್ಯಾಯಮೂರ್ತಿ ಅದರ ಬಗ್ಗೆ ಬಾಯಿ ಬಿಡುವ ಹಾಗಿಲ್ಲ. ತೀರ್ಪಿನಲ್ಲಿ ಇರುವುದನ್ನು ಬಿಟ್ಟು ಒಂದಕ್ಷರ ಆಚೀಚೆ ಆಗಬಾರದು. ಪ್ರಚಾರದಲ್ಲಿ ಸುಳ್ಳು ಹೇಳಿದರೆ ಅವರ ಗೌನಿಗೇ ಕುತ್ತು.

"ಅರ್ಥವಾಯ್ತಲ್ಲ?" ಎಂದ.

"ನೋಟೆಡ್," ಎಂದರು ಮ್ಯಾನೇಜರು. "ಯೆಸ್, ಯೆಸ್," ಎಂದೆ ನಾನು. "ಕ್ಯಾನ್, ಕ್ಯಾನ್," ಎಂದಳು ನಮ್ಮ ಡಿಸೈನರ್, ಆಗುತ್ತದೆ ಎನ್ನುವುದಕ್ಕೆ ಇಲ್ಲಿನವರ ಮಾತಿನಲ್ಲಿ. ಈಕೆ ಇಲ್ಲಿಯೇ ಹುಟ್ಟಿ ಬೆಳೆದ ತಮಿಳು ಹೆಂಗಸು, ನಮ್ಮ ಜೊತೆಗಿದ್ದು ಕನ್ನಡ ಕಲಿತವಳು, ನಮ್ಮಿಬ್ಬರಿಗಿಂತ ಚುರುಕು. ನಮ್ಮ ಆಫೀಸಿನ ಪದ್ಧತಿಯೇ ಹಾಗೆ. ಕರೆಯ ಆ ತುದಿಯಲ್ಲಿರುವವರಿಗೆ ಇಲ್ಲ ಎನ್ನುವುದಿಲ್ಲ, ಅರ್ಥವಾಗಲಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಅವಮಾನ. ಮೊದಲು ಹೌದು ಎನ್ನುವುದು, ಫೋನಿಟ್ಟ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದು.

ತೀರ್ಪು ಉದ್ದವಿತ್ತು. ನಾನು ವರದಿಗಾರಳ ಹಳೆಯ ಚಾಳಿಯಂತೆ ನೇರ ಕೊನೆಯ ಪುಟಕ್ಕೆ ಹೋದೆ. ಎಲ್ಲಕ್ಕಿಂತ ಕೆಳಗೆ, ಒಂಟಿಯಾಗಿ, ಎರಡು ಪದಗಳಿದ್ದವು: ರಿವರ್ಸ್ಡ್ ಅಂಡ್ ರಿಮ್ಯಾಂಡೆಡ್. ಮೊದಲನೆಯದು ಶಿಕ್ಷೆ ರದ್ದಾಯಿತೆಂದು. ಎರಡನೆಯದನ್ನು ನೋಡಿ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ.

"ಸರ್, ಬಿಟ್ಟಿಲ್ರೀ! ರಿಮ್ಯಾಂಡ್ ಮಾಡ್ಯಾರ!"

"ಹೌದೇನ್ರೀ? ಎಲ್ಲಿ, ಎಲ್ಲಿ?" ಮ್ಯಾನೇಜರು ಓಡಿಬಂದರು. "ಅಯ್ಯೋ, ಇಷ್ಟು ಕ್ಲಿಯರ್ ಆಗಿದೆಯಲ್ಲ! ಒಳಗೇ ಇಟ್ಟಿದಾರೆ ಅವನನ್ನ. ಆ ಕಡೆಯವ್ರು ಇದನ್ನ ನೋಡೇ ಇಲ್ವಾ?"

"ರಿಮ್ಯಾಂಡ್ ಮೀನ್ಸ್ ಲಾಕಪ್ ಲಾ," ಎಂದಳು ಡಿಸೈನರ್, ಇಲ್ಲಿನವರು ಮಾತಿನ ಕೊನೆಗೆ ಹಚ್ಚುವ 'ಲಾ' ಎಳೆದು, ತಲೆಯೆತ್ತದೆ. "ದಿನಾ ಪೇಪರಲ್ಲಿ ಬರುತ್ತಲ್ಲ ಅಕ್ಕಾ."

ಬರುತ್ತದೆ. ಇಲ್ಲಿನ ಮಲಯ ಪತ್ರಿಕೆಯಲ್ಲಿ 'ರೆಮಾನ್' ಎಂದು ಬರುತ್ತದೆ, ನಮ್ಮ ಕನ್ನಡ ಪತ್ರಿಕೆಯಲ್ಲಿ 'ರಿಮ್ಯಾಂಡ್' ಎಂದು ಬರುತ್ತದೆ. ಆರೋಪಿಯನ್ನು ಪೊಲೀಸರು ಕೋರ್ಟಿಗೆ ಹಾಜರುಪಡಿಸಿದರು, ಆರೋಪಿ ರಿಮ್ಯಾಂಡ್ ಆದ ಎಂದು ನಾನೇ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿದ್ದ ಕಾನೂನಿನ ಪದ ಯಾವುದಾದರೂ ಇದ್ದರೆ ಅದೊಂದೇ. ಮ್ಯಾನೇಜರು ಅಲ್ಲೇ ನಿಂತು ಸಾಲು ಕಟ್ಟಿದರು: ಅವರು ಅವನನ್ನು ಬಿಡಲಿಲ್ಲ, ಬಂಧನದಲ್ಲೇ ಇರಿಸಿದರು. ಡಿಸೈನರ್ ಅದಕ್ಕೆ ದಪ್ಪ ಅಕ್ಷರ, ಕಡುನೀಲಿ ಹಿನ್ನೆಲೆ ಕೊಟ್ಟಳು. ಮಧ್ಯಾಹ್ನದೊಳಗೆ ಕಾರ್ಡು ಉಸ್ತುವಾರಿಯ ಒಪ್ಪಿಗೆಗೆ ಹೋಯಿತು. "ಇದು ತೀರ್ಪಿನಲ್ಲೇ ಇದೆ ತಾನೇ?" ಎಂದು ಉಸ್ತುವಾರಿ ಕೇಳಿದ. "ಕೊನೆಯ ಪುಟದಲ್ಲಿದೆ," ಎಂದೆವು. ಅವನೂ ವಕೀಲನಲ್ಲ, ಹಿಂದೆ ಶಾಲಾ ಮಂಡಳಿಗಳ ಚುನಾವಣೆ ಮಾಡಿಸಿದವನು. ಒಪ್ಪಿಗೆ ಕೊಟ್ಟು ಮಲಗಿದ. ಮ್ಯಾನೇಜರು ಕೊನೆಗೂ ಪೊಟ್ಟಣ ಬಿಚ್ಚಿದರು.

ಕಾರ್ಡಿನಲ್ಲಿ ಒಂದು ಜಾಗ ಮಾತ್ರ ಖಾಲಿ ಉಳಿದಿತ್ತು. ಪ್ರತಿಯೊಂದು ಮಾತಿಗೂ ಅಡಿಯಲ್ಲಿ ಸಣ್ಣಕ್ಷರದಲ್ಲಿ ಆಧಾರ ಕೊಡಬೇಕು: ಯಾವ ತೀರ್ಪು, ಯಾವ ಪುಟ, ಯಾವ ವಾಕ್ಯ. ಅದಿಲ್ಲದೆ ಮುದ್ರಣಾಲಯ ಫೈಲು ಸ್ವೀಕರಿಸುವುದಿಲ್ಲ. ಅದು ನನ್ನ ಪಾಲಿನ ಕೆಲಸ, ಬೇಸರದ ಕೆಲಸ, ಹಾಗಾಗಿ ಮರುದಿನಕ್ಕೆ ಇಟ್ಟುಕೊಂಡಿದ್ದೆ.

ಮಂಗಳವಾರ ಬೆಳಿಗ್ಗೆ ಆಫೀಸಿನ ಕೆಳಗಿರುವ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಚಹಾ ಹೇಳಿ ಲ್ಯಾಪ್‌ಟಾಪ್ ತೆರೆದೆ. ಕೊನೆಯ ಎರಡು ಪದಗಳನ್ನೇ ಆಧಾರವೆಂದು ಕೊಟ್ಟರೆ ತೀರಾ ಚಿಕ್ಕದಾಯಿತು, ಪೂರ್ತಿ ವಾಕ್ಯ ಎಲ್ಲಿದೆ ನೋಡೋಣ ಎಂದು ಹಿಂದಿನ ಪ್ಯಾರಾಕ್ಕೆ ಹೋದೆ. ಸಿಕ್ಕಿತು. ಪ್ರಕರಣವನ್ನು ಹೊಸ ವಿಚಾರಣೆಗಾಗಿ ಕೆಳ ನ್ಯಾಯಾಲಯಕ್ಕೆ ರಿಮ್ಯಾಂಡ್ ಮಾಡಲಾಗಿದೆ, ಎಂದಿತ್ತು.

ಪ್ರಕರಣವನ್ನು. ನಾನು ಇನ್ನೊಮ್ಮೆ ಓದಿದೆ. ರಿಮ್ಯಾಂಡ್ ಆದದ್ದು ಯಾರು ಎಂದು ಶಾಲೆಯ ವ್ಯಾಕರಣದ ಹಾಗೆ ಕರ್ಮಪದ ಹುಡುಕಿದೆ. ಆ ವಾಕ್ಯದಲ್ಲಿ ಮನುಷ್ಯನೇ ಇರಲಿಲ್ಲ. ಕೇಸು ಇತ್ತು. ಕೇಸನ್ನು ವಾಪಸ್ ಕಳಿಸಿದ್ದರು, ಅಷ್ಟೇ. ಅವನನ್ನು ಒಳಗಿಡಿ ಎಂದೂ ಹೇಳಿರಲಿಲ್ಲ, ಹೊರಗೆ ಬಿಡಿ ಎಂದೂ ಹೇಳಿರಲಿಲ್ಲ. ಚಹಾ ಕುಡಿಯದೆ ದುಡ್ಡಿಟ್ಟು ಮೇಲೆ ಓಡಿದೆ.

ಮ್ಯಾನೇಜರು ಓದಿದರು. ಡಿಸೈನರ್ ಅವರ ಹೆಗಲ ಮೇಲಿಂದ ಓದಿದಳು. "ಅಯ್ಯೋ ಕಡವುಳೇ," ಎಂದಳು.

"ಒಂದ್ನಿಮಿಷ, ಒಂದ್ನಿಮಿಷ," ಎಂದು ಮ್ಯಾನೇಜರು ಕೈಯೆತ್ತಿದರು. "ಆ ಮನುಷ್ಯ ಈಗ ಎಲ್ಲಿದಾನೆ? ಜೈಲಲ್ಲೇ ಇದ್ರೆ ನಮ್ ಸಾಲು ಸುಳ್ಳಾಗಲ್ವಲ್ಲ!"

ಹುಡುಕಿದೆವು. ಅಲ್ಲಿನ ಜೈಲುಗಳು ಒಳಗಿರುವವರ ಹೆಸರನ್ನು ಬಹಿರಂಗವಾಗಿ ಹಾಕುತ್ತವೆ. ಅವನಿದ್ದ. ಜಾಮೀನು ಸಿಗದೆ ಅಲ್ಲೇ ಉಳಿದಿದ್ದ. ಮ್ಯಾನೇಜರ ಮುಖ ಅರಳಿತು.

"ನೋಡಿ! ಒಳಗೇ ಇದಾನೆ. ಕ್ಲೈಂಟ್ ಅಪ್ರೂವ್ ಮಾಡಿದಾರೆ. ಆಧಾರದ ಜಾಗದಲ್ಲಿ ತೀರ್ಪಿನ ಹೆಸರು, ಪುಟದ ನಂಬರ್ ಹಾಕಿ ಕಳಿಸ್ಬಿಡಿ ಮೇಡಂ."

"ಇದ್ದಾನ್ರೀ ಸರ್. ಆದ್ರ ಆಯಮ್ಮ ಇರಿಸಿಲ್ಲಲ್ಲ. ಅವರು ಮಾಡದೆ ಇದ್ದದ್ದನ್ನ ಮಾಡ್ಯಾರ ಅಂತ ಅವರ ಹೆಸರ್ನಾಗ ಹಾಕ್ಲಿಕ್ಕೆ ಹೆಂಗ ಬರ್ತದ?"

"ಆ ಕಡೆಯವ್ರು ಬಿಟ್ರು ಅಂತ ಹಾಕಿಲ್ವಾ? ಅದೂ ಸುಳ್ಳೇ."

ನಿಜ ಹೇಳಬೇಕೆಂದರೆ ನನಗೂ ಆ ಕಾರ್ಡು ಹೋಗಿಬಿಡಲಿ ಅನ್ನಿಸಿತು. ಈ ಗುತ್ತಿಗೆ ಹೋದರೆ ಮ್ಯಾನೇಜರಿಗೆ ಕಂಪನಿಯಲ್ಲಿ ಉಳಿಗಾಲವಿರಲಿಲ್ಲ; ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ನಮ್ಮೆಲ್ಲರಿಗೂ ಗೊತ್ತಿತ್ತು. ಮೇಲಾಗಿ ನನಗೆ ಆ ನ್ಯಾಯಮೂರ್ತಿ ಗೆಲ್ಲಬೇಕಿತ್ತು. ಉಸ್ತುವಾರಿಗೆ ಮೇಲಿಂದ ಮೇಲೆ ಫೋನ್ ಮಾಡಿದೆ. ಯಾವುದೋ ಸಭೆಯಲ್ಲಿದ್ದ, ಎತ್ತಲಿಲ್ಲ.

ಉಳಿದ ಸಮಯದಲ್ಲಿ ತೀರ್ಪನ್ನು ಮೊದಲ ಪುಟದಿಂದ ಓದಿದೆ. ಮೂವರು ನ್ಯಾಯಾಧೀಶರ ಪೀಠ, ಬರೆದವರು ನಮ್ಮವರು. ಆರೋಪಿ ಬೇರೆ ದೇಶದ ಗುಡ್ಡಗಾಡಿನಿಂದ ಬಂದವನು, ಅವನ ಮಾತೃಭಾಷೆ ಬಲ್ಲವರು ಆ ರಾಜ್ಯದಲ್ಲೇ ಬೆರಳೆಣಿಕೆಯಷ್ಟು. ಕೆಳಗಿನ ಕೋರ್ಟು ಅವನ ದೇಶದ ದೊಡ್ಡ ಭಾಷೆಯ ದುಭಾಷಿಯನ್ನು ಕೊಟ್ಟು ಕೈತೊಳೆದುಕೊಂಡಿತ್ತು. ತಪ್ಪೊಪ್ಪಿಗೆ ಪಡೆಯುವಾಗ ಕೇಳಿದ ಪ್ರಶ್ನೆಗಳೆಲ್ಲ ತೀರ್ಪಿನಲ್ಲಿದ್ದವು. ನಿನ್ನ ಹಕ್ಕುಗಳು ಅರ್ಥವಾದವೇ? ಹೌದು. ವಿಚಾರಣೆ ಬೇಡವೆನ್ನುತ್ತೀಯಾ? ಹೌದು. ಯಾರಾದರೂ ನಿನ್ನನ್ನು ಒತ್ತಾಯಪಡಿಸಿದರೇ? ಹೌದು. ಅದಕ್ಕೂ ಹೌದು ಎಂದಿದ್ದ. ಯಾರೂ ನಿಲ್ಲಿಸಿರಲಿಲ್ಲ. ಮುಂದಿನ ಪ್ರಶ್ನೆಗೆ ಹೋಗಿದ್ದರು.

ನಾನು ಪರದೆಯಿಂದ ಕಣ್ಣೆತ್ತಿದೆ. ಮನೆಯಲ್ಲಿ ನನ್ನ ಮಗಳು ನಾನು ಕನ್ನಡದಲ್ಲಿ ಏನು ಹೇಳಿದರೂ ಫೋನಿನಿಂದ ಮುಖ ಎತ್ತದೆ "ಯೆಸ್ ಅಮ್ಮಾ" ಎನ್ನುತ್ತಾಳೆ. ಊಟ ಮಾಡ್ತೀಯಾ, ಯೆಸ್ ಅಮ್ಮಾ. ಮಾಡಿದೆಯಾ, ಯೆಸ್ ಅಮ್ಮಾ. ಇನ್ನು ನಿನ್ನೆ ಇದೇ ಮೇಜಿನ ಸುತ್ತ ಕೂತು ನಾವು ಮೂವರು ಹೇಳಿದ್ದೇನು? ನೋಟೆಡ್, ಯೆಸ್, ಕ್ಯಾನ್. ನನಗೆ ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು, ಎಲ್ಲರ ಮೇಲೂ.

ಅಷ್ಟರಲ್ಲಿ ವಿಡಿಯೊ ಕರೆಯ ಹೊತ್ತಾಯಿತು. ನ್ಯಾಯಮೂರ್ತಿ ಮತದಾರರಿಗೆ ನಮಸ್ಕಾರ ಹೇಳುವ ಚಿಕ್ಕದೊಂದು ವಿಡಿಯೊವನ್ನು ಅವರ ಮನೆಯಿಂದಲೇ ನಾವು ಚಿತ್ರಿಸಿಕೊಳ್ಳಬೇಕಿತ್ತು. ಅದಕ್ಕೂ ಕಾರ್ಡಿಗೂ ಸಂಬಂಧವಿಲ್ಲ. ಕಾರ್ಡನ್ನು ಅವರು ನೋಡಿಯೂ ಇರಲಿಲ್ಲ. ಆ ಪ್ರಕರಣದಿಂದ ಅವರನ್ನು ದೂರವಿಡಲು ಉಸ್ತುವಾರಿ ತಾನೇ ಒಪ್ಪಿಗೆ ಕೊಟ್ಟಿದ್ದ. ನಾವು ಅಭ್ಯರ್ಥಿಯ ಜೊತೆ ವಿಡಿಯೊದ ವಿಷಯ ಬಿಟ್ಟು ಬೇರೆ ಮಾತಾಡಬಾರದು, ಏನಿದ್ದರೂ ಉಸ್ತುವಾರಿಯ ಮೂಲಕವೇ ಹೋಗಬೇಕು ಎಂಬುದು ಕರಾರು.

ಪರದೆಯ ಮೇಲೆ ಅವರು ಬಂದರು. ಅರವತ್ತು ದಾಟಿದ ಹೆಂಗಸು, ಬೆಳ್ಳಗಿನ ಕೂದಲು, ಹಿಂದೆ ಪುಸ್ತಕದ ಕಪಾಟು. ಎರಡು ಸಲ ಓದಿದರು, ಚೆನ್ನಾಗಿ ಬಂತು. ಉಸ್ತುವಾರಿ ಕೊನೆಗೆ ಕಾರಿನಿಂದ ಕರೆಗೆ ಸೇರಿಕೊಂಡು, "ಕಾರ್ಡು ಹೋಯಿತಾ?" ಎಂದು ಕೇಳಿದ. ಮ್ಯಾನೇಜರು, "ಹೋಗ್ತಾ ಇದೆ," ಎಂದು ನನ್ನ ಕಡೆ ನೋಡಿದರು. ನನ್ನ ಪರದೆಯ ಮೂಲೆಯಲ್ಲಿ ಅವರ ಮೆಸೇಜು ಬಂತು: ಬೇಡ ಮೇಡಂ, ಪ್ಲೀಸ್.

ಮುದ್ರಣಾಲಯದ ಸರದಿ ಮುಗಿಯಲು ಹೆಚ್ಚು ಹೊತ್ತಿರಲಿಲ್ಲ. ನಾನು ಮೈಕು ತೆರೆದೆ. "ಮ್ಯಾಮ್, ಐ ಹ್ಯಾವ್ ಎ ಡೌಟ್," ಎಂದೆ. ನಮ್ಮಲ್ಲಿ ಏನಾದರೂ ಕೇಳಬೇಕಿದ್ದರೆ ಹಾಗೇ ತಾನೇ ಹೇಳುವುದು! ಅವರಿಗೆ ಅದು ಬೇರೆಯೇ ಆಗಿ ಕೇಳಿಸಿರಬೇಕು. ನೆಟ್ಟಗೆ ಕೂತರು.

"ಯಾವುದರ ಮೇಲೆ ಸಂಶಯ?" ಎಂದರು.

"ನಮ್ಮ ಮೇಲೇ," ಎಂದೆ. ಆಮೇಲೆ ತಡವರಿಸದೆ ಹೇಳಿದೆ. ಕಾರ್ಡಿನ ಸಾಲನ್ನು ಓದಿದೆ. ನಮ್ಮ ಊರಲ್ಲಿ, ಈ ಊರಲ್ಲಿ, ರಿಮ್ಯಾಂಡ್ ಎಂದರೆ ಮನುಷ್ಯನನ್ನು ಒಳಗೆ ಹಾಕುವುದು. ನಾವು ಹಾಗೇ ಅಂದುಕೊಂಡೆವು, ಈಗ ಪೂರ್ತಿ ಓದಿದ್ದೇನೆ ಎಂದೆ. ಉಸ್ತುವಾರಿ ಕಾರು ನಿಲ್ಲಿಸಿದ್ದು ಕೇಳಿಸಿತು. ಮ್ಯಾನೇಜರು ಮೇಜು ನೋಡುತ್ತಿದ್ದರು.

ನ್ಯಾಯಮೂರ್ತಿ ಕನ್ನಡಕ ತೆಗೆದರು. ಒರೆಸಿ ಮತ್ತೆ ಹಾಕಿಕೊಂಡರು.

"ಆ ಪ್ರಕರಣದ ಬಗ್ಗೆ ನಾನು ಏನೂ ಹೇಳುವಂತಿಲ್ಲ," ಎಂದರು. "ಆ ಕಾರ್ಡು ಹೋಗಕೂಡದು. ಇದು ನನ್ನ ಮಾತು."

ಉಸ್ತುವಾರಿ ಸಿಡಿದ. ಸರದಿ ಖಾಲಿ ಬಿಟ್ಟರೆ ಆ ಕಡೆಯವರ ವಿಡಿಯೊಗೆ ಉತ್ತರವೇ ಇರುವುದಿಲ್ಲ, ಎರಡು ಓಟಿನಲ್ಲಿ ಸೋಲುವ ಚುನಾವಣೆ ಇದು ಎಂದ. ನಾನು, ತೀರ್ಪಿನಲ್ಲಿರುವ ವಾಕ್ಯವನ್ನೇ ಇದ್ದಂತೆ ಹಾಕಬಹುದಲ್ಲ ಎಂದೆ. "ಯಾವ ವಾಕ್ಯ? ಹೊಸ ವಿಚಾರಣೆಗೆ ಕಳಿಸಿದರು ಅಂತಲೇ? ಅದು ಆ ಕಡೆಯವರಿಗೇ ಪ್ರಚಾರ ಮಾಡಿಕೊಟ್ಟ ಹಾಗೆ!" ಎಂದ. ನ್ಯಾಯಮೂರ್ತಿ ನನ್ನನ್ನೇ ನೋಡುತ್ತಿದ್ದರು. ತೀರ್ಪು ಸಾರ್ವಜನಿಕ ದಾಖಲೆ, ಅದರ ಮಾತನ್ನು ಅದರ ಪದಗಳಲ್ಲೇ ಯಾರು ಬೇಕಾದರೂ ಹೇಳಬಹುದು ಎಂದಷ್ಟೇ ಹೇಳಿ ಕರೆಯಿಂದ ಹೊರಟರು.

ಆಮೇಲಿನ ಗಳಿಗೆಗಳಲ್ಲಿ ಯಾರೂ ಯಾರನ್ನೂ ಬಯ್ಯಲಿಲ್ಲ, ಅದಕ್ಕೆ ಪುರಸೊತ್ತಿರಲಿಲ್ಲ. ನಾನು ಎರಡು ವಾಕ್ಯ ಆರಿಸಿದೆ. ಪ್ರಕರಣವನ್ನು ಹೊಸ ವಿಚಾರಣೆಗಾಗಿ ಕೆಳ ನ್ಯಾಯಾಲಯಕ್ಕೆ ರಿಮ್ಯಾಂಡ್ ಮಾಡಲಾಗಿದೆ ಎಂಬುದು ಒಂದು. ಇನ್ನೊಂದು ಮಧ್ಯದ ಪುಟದ್ದು: ಆರೋಪಿ ಹೌದು ಎಂದದ್ದರಿಂದ ಮಾತ್ರ ಆತನಿಗೆ ಅರ್ಥವಾಗಿತ್ತು ಎನ್ನಲಾಗದು. ಡಿಸೈನರ್ ನೀಲಿ ಹಿನ್ನೆಲೆ ಕಿತ್ತುಹಾಕಿ ಬಿಳಿಯ ಮೇಲೆ ಕಪ್ಪು ಅಕ್ಷರ ಇಟ್ಟಳು. ಆಧಾರದ ಸಾಲನ್ನು ನಾನು ಓದಿ ಹೇಳಿದೆ, ಅವಳು ಟೈಪು ಮಾಡಿ ನನಗೇ ತಿರುಗಿ ಓದಿದಳು. ಉಸ್ತುವಾರಿ ಫೋನಿನಲ್ಲಿ ಹಲ್ಲು ಕಡಿಯುತ್ತಲೇ ಒಪ್ಪಿಗೆ ಕೊಟ್ಟ. ಫೈಲು ಹೋಯಿತು. ಮುದ್ರಣಾಲಯದಿಂದ ಸ್ವೀಕೃತಿ ಬರುವವರೆಗೆ ಮೂವರೂ ನಿಂತೇ ಇದ್ದೆವು.

"ಊಟಕ್ಕೆ ಹೋಗೋಣ ಬನ್ನಿ," ಎಂದರು ಮ್ಯಾನೇಜರು. ಸ್ವಲ್ಪ ತಡೆದು, "ನಂಗೂ ಆ ಸಾಲು ಸರಿ ಅನ್ನಿಸ್ತಿರ್ಲಿಲ್ಲ ಕಣ್ರೀ. ಭಯ ಆಗಿತ್ತು," ಎಂದರು. ನನಗೆ ಅವರ ಮೇಲೆ ಇದ್ದ ಸಿಟ್ಟೆಲ್ಲ ಇಳಿದುಹೋಯಿತು.

ಚುನಾವಣೆಯಲ್ಲಿ ನ್ಯಾಯಮೂರ್ತಿ ಸೋತರು. ಅಂತರ ಬಹಳ ಕಡಿಮೆ, ಅದೇ ಹೆಚ್ಚು ಸಂಕಟ. ಆ ಬೆಳಿಗ್ಗೆ ಎಣಿಕೆಯ ಪಟ್ಟಿ ನೋಡುತ್ತಾ ನಾನು ಆಫೀಸಿನಲ್ಲೇ ಅತ್ತೆ, ಮುಚ್ಚಿಡಲಿಲ್ಲ. ನೀಲಿ ಕಾರ್ಡು ಹೋಗಿದ್ದರೆ ಗೆಲ್ಲುತ್ತಿದ್ದರೇ ಎಂದು ಉಸ್ತುವಾರಿಯನ್ನು ಕೇಳಿದೆ. "ಗೆಲ್ಲುತ್ತಿದ್ದರು," ಎಂದ, ಹಿಂದೆ ಮುಂದೆ ನೋಡದೆ. ನಮ್ಮ ಗುತ್ತಿಗೆ ಮುಂದುವರಿಯಲಿಲ್ಲ. ಮ್ಯಾನೇಜರು ಕೆಲ ಕಾಲದ ನಂತರ ಮೆಲಾಕಾದಲ್ಲಿ ಬೇರೆ ಕೆಲಸ ಹಿಡಿದರು, ಈಗಲೂ ಫೋನ್ ಮಾಡುತ್ತಾರೆ.

ಆ ಪ್ರಕರಣವನ್ನು ನಾನು ಬಿಡಲಿಲ್ಲ. ಕೆಳಗಿನ ಕೋರ್ಟು ಕಲಾಪದ ವಿಡಿಯೊ ಹಾಕುತ್ತದೆಂದು ಗೊತ್ತಿತ್ತು. ಹೊಸ ವಿಚಾರಣೆ ಶುರುವಾದ ಮೇಲೆ ಒಂದು ರಜೆಯ ಬೆಳಿಗ್ಗೆ ನಿಲಾಯ್‌ನ ನಮ್ಮ ಮನೆಯಲ್ಲಿ ಅದನ್ನು ಹಾಕಿಕೊಂಡು ಕೂತೆ. ಮಗಳು ಪಕ್ಕದಲ್ಲಿ ತಿಂಡಿ ತಿನ್ನುತ್ತಿದ್ದಳು. ಕುಳ್ಳಗಿನ ಮನುಷ್ಯ, ಜೈಲಿನ ಬಟ್ಟೆ, ಎರಡು ಕೈಗಳನ್ನೂ ಮೇಜಿನ ಮೇಲಿಟ್ಟುಕೊಂಡಿದ್ದ. ಅವನ ಪಕ್ಕ ಈ ಸಲ ಬೇರೊಬ್ಬ ದುಭಾಷಿ, ವಯಸ್ಸಾದ ಹೆಂಗಸು, ಅವನ ಗುಡ್ಡಗಾಡಿನ ಕಡೆಯವರೇ. ನ್ಯಾಯಾಧೀಶರು ಅವನ ಹಕ್ಕುಗಳನ್ನು ಒಂದೊಂದಾಗಿ ಓದಿದರು. ಆಕೆ ಮೆಲ್ಲಗೆ ಅವನ ಭಾಷೆಯಲ್ಲಿ ಹೇಳಿದರು.

"ಅರ್ಥವಾಯಿತೇ?" ಎಂದು ನ್ಯಾಯಾಧೀಶರು ಕೇಳಿದರು.

ಅವನು ಬಾಯಿ ತೆರೆದ, ಮುಚ್ಚಿದ. ದುಭಾಷಿಯ ಕಡೆ ತಿರುಗಿ ಅದೇನೋ ಒಂದು ಸಣ್ಣ ಪದ ಹೇಳಿದ. ಆಕೆ ಅದನ್ನು ಇಂಗ್ಲಿಷಿಗೆ ತಂದರು.

"ಇಲ್ಲ, ಎನ್ನುತ್ತಿದ್ದಾರೆ."

ನ್ಯಾಯಾಧೀಶರು ತಲೆಯಾಡಿಸಿ, ಹಾಳೆಯನ್ನು ಹಿಂದಕ್ಕೆ ಮಗುಚಿ, ಮೊದಲಿನಿಂದ ಓದತೊಡಗಿದರು.